ಜ್ವರ ಇಳಿದ ಮೇಲೂ ಮುಗಿಯದ ಕಾವಲು

ಕೃಷ್ಣಾ ತೀರದ ಜನರಿಗೆ ನೆರೆಯ ಲಕ್ಷಣಗಳನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿಯಿತೆಂದರೆ ಸಾಕು, ಕೊಯ್ನಾದಿಂದ ಎಷ್ಟು ನೀರು ಬಿಟ್ಟರು, ಬ್ಯಾರೇಜಿನ ಮೇಲೆ ನೀರು ಹರಿಯಿತೇ ಎಂಬ ವಿಚಾರಣೆ ಇಲ್ಲಿ ಮನೆಮನೆಯಲ್ಲಿ ನಡೆಯುತ್ತದೆ. ಹೊಲದ ಕಬ್ಬು ಇನ್ನೂ ಒಣನೆಲದಲ್ಲಿ ನಿಂತಿರುವಾಗಲೇ ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸುವ ಹಿರಿಯರಿದ್ದಾರೆ. 2019ರ ಆಗಸ್ಟ್ ತಿಂಗಳಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಕಡೆ ಕೃಷ್ಣೆ ಮತ್ತು ಘಟಪ್ರಭೆಯರು ಉಕ್ಕಿದಾಗ, ಹೊಸ್ತಿಲಿಗೆ ನೀರು ಬರಲಿ ನೋಡೋಣ ಎಂದು ಕುಳಿತವರಿಗೂ ಮೊದಲೇ ಎದ್ದು ಹೊರಟವರಿಗೂ ಆದ ನಷ್ಟದ ಅಂತರವೆಷ್ಟೆಂಬುದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ.

ರೋಗಗಳಲ್ಲಿಯೂ ಕೆಲವು ಹೀಗೆಯೇ ಇವೆ. ಅವು ಮೊದಲು ಸಣ್ಣ ಲಕ್ಷಣವನ್ನು ತೋರಿಸುತ್ತವೆ. ಆ ಲಕ್ಷಣವನ್ನು ಕಡೆಗಣಿಸಿದವರಿಗೆ ಎರಡನೆಯ ಅವಕಾಶವನ್ನು ಕೊಡುವುದು ವಿರಳ. 2021ರ ಬೇಸಿಗೆಯಲ್ಲಿ, ಕೋವಿಡ್ ಮಹಾಮಾರಿಯ ಎರಡನೆಯ ಅಲೆಯ ಬೆನ್ನಿಗೇ ಬಂದು, ಜ್ವರದಿಂದ ಪಾರಾದೆವೆಂದು ನಿಟ್ಟುಸಿರು ಬಿಟ್ಟಿದ್ದ ಸಾವಿರಾರು ಕುಟುಂಬಗಳನ್ನು ಮತ್ತೆ ಕಣ್ಣೀರಿಗೆ ನೂಕಿದ ‘ಕಪ್ಪು ಶಿಲೀಂಧ್ರ’ ಅಂತಹದೊಂದು ರೋಗ. ವೈದ್ಯರು ಅದನ್ನು ಮ್ಯೂಕರ್‌ಮೈಕೋಸಿಸ್ ಎಂದು ಕರೆಯುತ್ತಾರೆ. ಮಹಾಮಾರಿ ಹಿಂದೆ ಸರಿದಿದೆ. ಆದರೆ ಆ ರೋಗ ಬೇರೂರಲು ಕಾರಣವಾದ ನೆಲ ನಮ್ಮ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಆದುದರಿಂದಲೇ ಆ ದಿನಗಳನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳುವುದು ಅವಶ್ಯವಾಗಿದೆ.

ನಾಲ್ಕು ದಿನಗಳ ಬೆಲೆ

ಸಾವಳಗಿಯ ಆಸುಪಾಸಿನ ಒಂದು ಕಬ್ಬು ಬೆಳೆಗಾರರ ಮನೆಯನ್ನು ಊಹಿಸಿಕೊಳ್ಳೋಣ. ಇದು ಯಾವೊಬ್ಬರ ನಿಜ ಚರಿತ್ರೆಯಲ್ಲ. ಆ ದಿನಗಳಲ್ಲಿ ರಾಜ್ಯದ ಅನೇಕ ಮನೆಗಳಲ್ಲಿ ನಡೆದುದರ ಮಾದರಿ ಮಾತ್ರ. ಮನೆಯ ಯಜಮಾನರಿಗೆ ಐವತ್ತರ ವಯಸ್ಸು. ನಾಲ್ಕಾರು ವರ್ಷಗಳಿಂದ ಸಕ್ಕರೆ ಕಾಯಿಲೆ; ಗುಳಿಗೆಯನ್ನು ನೆನಪಾದಾಗ ನುಂಗುವ ಅಭ್ಯಾಸ. 2021ರ ಮೇ ತಿಂಗಳಲ್ಲಿ ಜ್ವರ, ಕೆಮ್ಮು, ಮೈಕೈ ನೋವು ಕಾಣಿಸಿಕೊಂಡಿತು. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲವೆಂಬ ಸುದ್ದಿ ಎಲ್ಲೆಡೆ ಹಬ್ಬಿದ್ದ ಕಾಲವದು. ಮನೆಯಲ್ಲಿಯೇ ಉಳಿದರು. ಪರಿಚಿತರೊಬ್ಬರು ತಮಗೆ ಗುಣ ಕೊಟ್ಟ ಗುಳಿಗೆಗಳ ಚೀಟಿಯನ್ನೇ ಇವರಿಗೂ ಕೊಟ್ಟರು. ಅದರಲ್ಲಿದ್ದ ಒಂದು ಸಣ್ಣ ಗುಳಿಗೆಯನ್ನು ನುಂಗಿದ ಮರುದಿನವೇ ಮೈ ಹಗುರವಾಯಿತು, ಹಸಿವೂ ಹುಟ್ಟಿತು. ‘ಗುಳಿಗಿ ಛಲೋ ಅದ’ ಎಂದು ಹದಿನೈದು ದಿನ ಮುಂದುವರಿಸಿದರು. ಆ ಹದಿನೈದು ದಿನಗಳಲ್ಲಿ ಒಮ್ಮೆಯೂ ಸಕ್ಕರೆಯ ಪರೀಕ್ಷೆಯಾಗಲಿಲ್ಲ.

ಜ್ವರ ಹೋಯಿತು. ಮನೆಯವರು ಸಂತೋಷಪಟ್ಟರು. ಮೂರನೆಯ ವಾರದಲ್ಲಿ ಬಲಗೆನ್ನೆಯಲ್ಲಿ ಒಂದು ಬಗೆಯ ಜೋಮು, ಮೇಲಿನ ದವಡೆಯಲ್ಲಿ ನೋವು.

‘ಏನ್ರೀ, ಒಂದ ಕೆನ್ನಿ ಬಾತಂಗ ಕಾಣಸ್ತೈತಲ್ರಿ’ ಎಂದರು ಮನೆಯಾಕೆ.

‘ಹಲ್ಲಿನ ಬ್ಯಾನಿ ಇರಬೇಕ, ನಾಕ ದಿನದಾಗ ಕಡಿಮಿ ಆಕ್ಕೈತಿ ಬಿಡು’ ಎಂದರು ಯಜಮಾನರು.

ಆ ನಾಲ್ಕು ದಿನಗಳಲ್ಲಿ ಮೂಗಿನಿಂದ ಕಂದು ಬಣ್ಣದ ಸ್ರಾವ ಬರಲಾರಂಭಿಸಿತು; ಬಲಗಣ್ಣಿನ ರೆಪ್ಪೆ ಜೋತುಬಿದ್ದಿತು; ಎದುರಿಗೆ ನಿಂತ ಒಬ್ಬ ಮಗ ಇಬ್ಬರಾಗಿ ಕಾಣತೊಡಗಿದ. ಆಗ ಗಾಡಿಯ ಹುಡುಕಾಟ ಪ್ರಾರಂಭವಾಯಿತು. ಸಾವಳಗಿಯಿಂದ ಜಮಖಂಡಿ, ಅಲ್ಲಿಂದ ಬಾಗಲಕೋಟೆ, ಅಲ್ಲಿಂದ ಹುಬ್ಬಳ್ಳಿ. ‘ಉಗುರಿನಿಂದ ಹೋಗುವುದಕ್ಕೆ ಕೊಡಲಿ’ ಎಂಬ ಗಾದೆಯಿದೆ. ಮೊದಲ ದಿನ ಮೂಗಿನೊಳಗಿನ ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯಬಹುದಾಗಿದ್ದುದು ಐದನೆಯ ದಿನಕ್ಕೆ ಕಣ್ಣಿನ ಪ್ರಶ್ನೆಯಾಗಿ ನಿಂತಿತು.

ಹೆಸರು ಕಪ್ಪು, ಬೂಷ್ಟು ಕಪ್ಪಲ್ಲ

ಈ ಶಿಲೀಂಧ್ರ ಹೊಸದಾಗಿ ಎಲ್ಲಿಂದಲೋ ಬಂದುದಲ್ಲ. ಮೂರು ದಿನ ಮರೆತ ಬ್ರೆಡ್ಡಿನ ಮೇಲೆ, ಕೊಳೆತ ಹಣ್ಣಿನ ಮೇಲೆ ಹತ್ತಿಯಂತೆ ಹಬ್ಬುವ ಬೂಷ್ಟು ನಮಗೆಲ್ಲ ಪರಿಚಿತವೇ. ಮನುಷ್ಯರಲ್ಲಿ ಈ ರೋಗವನ್ನುಂಟುಮಾಡುವ ರೈಜೋಪಸ್ ಮೊದಲಾದವು ಅದೇ ಬಳಗಕ್ಕೆ ಸೇರಿದವು. ಹೊಲದ ಮಣ್ಣು, ತಿಪ್ಪೆ, ಕೊಳೆಯುವ ತರಗು ಇವೆಲ್ಲ ಅವುಗಳ ವಾಸಸ್ಥಾನ. ಕಣ್ಣಿಗೆ ಕಾಣದ ಅವುಗಳ ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ನಾವೆಲ್ಲರೂ ದಿನನಿತ್ಯ ಅವನ್ನು ಉಸಿರಾಡುತ್ತೇವೆ. ಆರೋಗ್ಯವಂತನ ಮೂಗಿನ ಲೋಳೆ ಅವನ್ನು ಹಿಡಿದು ಹೊರಹಾಕುತ್ತದೆ, ಒಳನುಸುಳಿದವನ್ನು ರಕ್ತದ ಬಿಳಿಯ ಕಣಗಳು ಕೊಲ್ಲುತ್ತವೆ. ವೈದ್ಯಶಾಸ್ತ್ರಕ್ಕೂ ಇದು ಹಳೆಯ ಶತ್ರು. ಪಾಲ್ಟಾಫ್ ಎಂಬ ವೈದ್ಯ 1885ರಷ್ಟು ಹಿಂದೆಯೇ ಮನುಷ್ಯ ದೇಹದಲ್ಲಿ ಇದರ ಸೋಂಕನ್ನು ವಿವರಿಸಿದ್ದನು.

ಹಾಗಾದರೆ ‘ಕಪ್ಪು’ ಎಂಬ ವಿಶೇಷಣ ಎಲ್ಲಿಂದ ಬಂದಿತು? ಈ ಶಿಲೀಂಧ್ರದ ಎಳೆಗಳು ರಕ್ತನಾಳಗಳ ಗೋಡೆಯನ್ನು ಕೊರೆದು ಒಳನುಗ್ಗುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಕ್ತ ತಲುಪದ ಮಾಂಸ ಸಾಯುತ್ತದೆ. ಸತ್ತ ಮಾಂಸ ಕಪ್ಪಾಗುತ್ತದೆ. ಅಂಗುಳಿನಲ್ಲಿ, ಮೂಗಿನೊಳಗೆ ಕಾಣುವ ಕರಿಯ ಕಲೆ ಶಿಲೀಂಧ್ರದ ಬಣ್ಣವಲ್ಲ, ಅದು ಸತ್ತ ನಮ್ಮದೇ ಅಂಗಾಂಶ. ಈ ಒಂದು ಸಂಗತಿಯನ್ನು ಅರಿತರೆ ಚಿಕಿತ್ಸೆಯ ಮರ್ಮವೂ ಅರ್ಥವಾಗುತ್ತದೆ. ಔಷಧಿ ದೇಹದ ಮೂಲೆಮೂಲೆಗೆ ತಲುಪುವುದು ರಕ್ತದ ಮೂಲಕ. ರಕ್ತವೇ ಹರಿಯದ ಕಡೆಗೆ ಔಷಧಿಯೂ ಹೋಗಲಾರದು. ಆದುದರಿಂದಲೇ ಸತ್ತ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆಯದೆ ಕೇವಲ ಔಷಧಿಯಿಂದ ಇದನ್ನು ಗೆಲ್ಲುವುದು ಬಹುತೇಕ ಅಸಾಧ್ಯ.

ಬಣ್ಣದ ಹೆಸರಿನಿಂದ ಆದ ತೊಂದರೆ ಕಡಿಮೆಯೇನಲ್ಲ. ಕಪ್ಪಿನ ಬೆನ್ನಿಗೇ ಬಿಳಿ, ಹಳದಿ ಶಿಲೀಂಧ್ರಗಳ ವದಂತಿಗಳು ಹಬ್ಬಿದವು. ಅಂದು ದೆಹಲಿಯ ಏಮ್ಸ್ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು, ಬಣ್ಣಗಳಿಂದ ಕರೆಯುವುದು ಗೊಂದಲಕ್ಕೆ ಎಡೆಮಾಡುತ್ತದೆ, ರೋಗವನ್ನು ಅದರ ಹೆಸರಿನಿಂದಲೇ ಗುರುತಿಸಬೇಕು ಎಂದು 2021ರ ಮೇ ತಿಂಗಳಲ್ಲಿ ಬಹಿರಂಗವಾಗಿ ತಿಳಿಸಬೇಕಾಯಿತು. ಅದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. ಇದು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ರೋಗವಲ್ಲ. ರೋಗಿಯ ಪಕ್ಕದಲ್ಲಿ ಕುಳಿತರೆ, ಗಾಯ ತೊಳೆದರೆ, ಗಂಜಿ ಕುಡಿಸಿದರೆ ಬರುವುದಿಲ್ಲ. ಕಾಯಿಲೆಯವರನ್ನು ಸಂದರ್ಶಿಸುವುದು ನಮ್ಮ ಕುಟುಂಬಗಳ ಹಳೆಯ ಸಂಪ್ರದಾಯ. ಕೋವಿಡ್ ಕಾಲದಲ್ಲಿ ಅದು ನಿಂತುಹೋದುದು ಅನಿವಾರ್ಯವಾಗಿತ್ತು; ಆದರೆ ಕೋವಿಡ್ ವಾಸಿಯಾಗಿ ಈ ಶಿಲೀಂಧ್ರದಿಂದ ನರಳುತ್ತಿದ್ದವರನ್ನೂ ದೂರವಿಟ್ಟುದಕ್ಕೆ ಅಜ್ಞಾನವಲ್ಲದೆ ಬೇರೆ ಕಾರಣವಿರಲಿಲ್ಲ.

ಮೂಗಿನಿಂದ ಮಿದುಳಿನವರೆಗೆ

ನಮ್ಮ ಮುಖದ ಮೂಳೆಗಳು ಗಟ್ಟಿಯಾದ ಕಲ್ಲಿನಂತಲ್ಲ. ಅವುಗಳೊಳಗೆ ಗಾಳಿ ತುಂಬಿದ ಗೂಡುಗಳಿವೆ. ಸೈನಸ್ ಎಂದು ವೈದ್ಯರು ಹೇಳುವುದು ಇವುಗಳಿಗೇ. ಕೆನ್ನೆಯ ಹಿಂದೆ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ ಮತ್ತು ಮಿದುಳಿನ ತಳಭಾಗದಲ್ಲಿ, ಹೀಗೆ ನಾಲ್ಕು ಜೋಡಿ ಗೂಡುಗಳು ಮೂಗಿನೊಂದಿಗೆ ಸಣ್ಣ ಕಿಂಡಿಗಳಿಂದ ಕೂಡಿಕೊಂಡಿವೆ. ಕೆನ್ನೆಯ ಗೂಡಿನ ನೆಲವೇ ಮೇಲಿನ ಹಲ್ಲುಗಳ ಬೇರಿನ ನೆತ್ತಿ. ಅದರ ಮಾಳಿಗೆಯೇ ಕಣ್ಣುಗುಳಿಯ ನೆಲ. ಕಣ್ಣುಗಳ ನಡುವಿನ ಗೂಡಿಗೂ ಕಣ್ಣುಗುಳಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆಯ ಪದರ.

ಈ ರಚನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ರೋಗದ ಲಕ್ಷಣಗಳು ತಾವಾಗಿಯೇ ತಿಳಿಯುತ್ತವೆ. ಶಿಲೀಂಧ್ರ ಮೂಗಿನಲ್ಲಿ ಬೇರೂರಿದಾಗ ಮೂಗು ಕಟ್ಟುತ್ತದೆ, ರಕ್ತಮಿಶ್ರಿತ ಇಲ್ಲವೆ ಕಂದು, ಕಪ್ಪು ಬಣ್ಣದ ಸ್ರಾವ ಬರುತ್ತದೆ. ಕೆನ್ನೆಯ ಗೂಡನ್ನು ತಲುಪಿದಾಗ ಮುಖದ ಒಂದೇ ಬದಿಯಲ್ಲಿ ನೋವು, ಬಾವು, ಜೋಮು. ನೆಲವನ್ನು ಕೊರೆದು ಇಳಿದಾಗ ಗಟ್ಟಿಯಾಗಿದ್ದ ಹಲ್ಲುಗಳು ಅಲುಗಾಡುತ್ತವೆ, ಅಂಗುಳು ಕಪ್ಪಾಗುತ್ತದೆ. ಮೇಲಕ್ಕೆ ಏರಿದಾಗ ಕಣ್ಣು ಕೆಂಪಾಗಿ ಮುಂದಕ್ಕೆ ಉಬ್ಬುತ್ತದೆ, ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಕೊನೆಗೆ ದೃಷ್ಟಿಯೇ ಹೋಗುತ್ತದೆ. ಅಲ್ಲಿಂದ ಮುಂದೆ ಮಿದುಳು. ಈ ಪಯಣಕ್ಕೆ ತಿಂಗಳುಗಳು ಬೇಕಿಲ್ಲ. ಕೆಲವರಲ್ಲಿ ಕೆಲವೇ ದಿನಗಳು ಸಾಕು. ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು ‘ಒಂದೇ ಬದಿ’ ಎಂಬ ಮಾತು. ನೆಗಡಿ ಬಂದಾಗ ಸಾಮಾನ್ಯವಾಗಿ ಎರಡೂ ಬದಿ ಭಾರವಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲಿಯೂ ದೊಡ್ಡ ಜ್ವರವೊಂದರ ನಂತರ, ಮುಖದ ಒಂದು ಬದಿ ಮಾತ್ರ ನೋಯುವುದು, ಜೋಮು ಹಿಡಿಯುವುದು ಎಚ್ಚರಿಕೆಯ ಗಂಟೆಯೆಂದೇ ತಿಳಿಯಬೇಕು.

ಸಕ್ಕರೆ ಮತ್ತು ಸ್ಟೀರಾಯ್ಡ್

ಎಲ್ಲರೂ ಉಸಿರಾಡುವ ಬೀಜಕಣ ಕೆಲವರನ್ನೇ ಏಕೆ ಹಿಡಿಯಿತು? ಉತ್ತರವಿರುವುದು ಬೀಜದಲ್ಲಲ್ಲ, ನೆಲದಲ್ಲಿ.

ಸಕ್ಕರೆಯ ಮಟ್ಟ ಬಹಳ ದಿನ ಏರಿಯೇ ಇದ್ದಾಗ ರಕ್ತದ ಬಿಳಿಯ ಕಣಗಳು ಬಲಗುಂದುತ್ತವೆ. ಸಕ್ಕರೆ ವಿಪರೀತಕ್ಕೆ ಹೋಗಿ ರಕ್ತ ಆಮ್ಲೀಯವಾದರೆ ಇನ್ನೊಂದು ಅನರ್ಥ ಸಂಭವಿಸುತ್ತದೆ. ರಕ್ತದಲ್ಲಿರುವ ಕಬ್ಬಿಣದ ಅಂಶವನ್ನು ಸಾಮಾನ್ಯವಾಗಿ ಒಂದು ಪ್ರೋಟೀನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಆಮ್ಲ ಹೆಚ್ಚಿದಾಗ ಆ ಹಿಡಿತ ಸಡಿಲುತ್ತದೆ. ಹಾಗೆ ಬಿಡುಗಡೆಯಾದ ಕಬ್ಬಿಣ ಈ ಶಿಲೀಂಧ್ರಕ್ಕೆ ಹೊಲಕ್ಕೆ ಹಾಕಿದ ಗೊಬ್ಬರದಂತೆ ಒದಗುತ್ತದೆ. ಕೋವಿಡ್ ರೋಗ ತಾನೇ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತಿತ್ತು. ಅದರ ಮೇಲೆ ಸ್ಟೀರಾಯ್ಡ್ ಸೇರಿತು.

ಸ್ಟೀರಾಯ್ಡ್ ಔಷಧಿಯನ್ನು ದೂಷಿಸುವುದು ಈ ಬರಹದ ಉದ್ದೇಶವಲ್ಲ. ಕೋವಿಡ್‌ನಲ್ಲಿ ಪ್ರಾಣ ಉಳಿಸುತ್ತದೆಂದು ದೊಡ್ಡ ಪರೀಕ್ಷೆಯಲ್ಲಿ ಮೊದಲು ಸಿದ್ಧವಾದ ಔಷಧಿಯೇ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್. ಬ್ರಿಟನ್ನಿನಲ್ಲಿ ನಡೆದ ‘ರಿಕವರಿ’ ಪರೀಕ್ಷೆಯ ಫಲಿತಾಂಶ 2020ರ ಜೂನ್ ತಿಂಗಳಲ್ಲಿ ಹೊರಬಿದ್ದಿತು. ಕೃತಕ ಉಸಿರಾಟದ ಯಂತ್ರದಲ್ಲಿದ್ದ ನೂರು ರೋಗಿಗಳಲ್ಲಿ ಸಾಮಾನ್ಯ ಚಿಕಿತ್ಸೆಯಲ್ಲಿ ಸುಮಾರು 41 ಮಂದಿ ಸತ್ತರೆ, ಈ ಔಷಧಿ ಪಡೆದವರಲ್ಲಿ ಸುಮಾರು 29 ಮಂದಿ ಸತ್ತರು. ಆಮ್ಲಜನಕ ಪಡೆಯುತ್ತಿದ್ದವರಿಗೂ ಲಾಭವಾಯಿತು. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದಿದ್ದವರಿಗೆ ಇದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಪರೀಕ್ಷೆಯಲ್ಲಿ ಕೊಟ್ಟ ಪ್ರಮಾಣ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ.

ನಮ್ಮಲ್ಲಿ ಆದುದೇನು? ಆಮ್ಲಜನಕ ಬೇಕಾದವರಿಗೆ ಮೀಸಲಾಗಬೇಕಿದ್ದ ಔಷಧಿ, ಮನೆಯಲ್ಲಿ ಮಲಗಿದ ಸಾಧಾರಣ ಜ್ವರದವರ ಚೀಟಿಯಲ್ಲಿಯೂ ಸೇರಿಕೊಂಡಿತು. ಕೆಲವರು ಮೊದಲ ದಿನದಿಂದಲೇ ನುಂಗಿದರು. ಕೆಲವರು ನಿಲ್ಲಿಸಬೇಕಾದ ದಿನ ನಿಲ್ಲಿಸಲಿಲ್ಲ. ಕೆಲವರು ಪ್ರಮಾಣವನ್ನು ಮೀರಿದರು. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಜೊತೆಗೆ ಸಕ್ಕರೆಯನ್ನು ಏರಿಸುತ್ತದೆ. ಕಾವಲುಗಾರನನ್ನು ಮಲಗಿಸಿ ಬಾಗಿಲನ್ನೂ ತೆರೆದಿಟ್ಟಂತಾಯಿತು.

ಆ ದಿನಗಳಲ್ಲಿ ಮುಖಗವಸು, ಆಮ್ಲಜನಕದ ಜಾಡಿಯ ನೀರು, ಸತುವಿನ ಗುಳಿಗೆ, ಹಬೆ ಹೀಗೆ ಅನೇಕ ಸಂಗತಿಗಳ ಮೇಲೆ ಅನುಮಾನ ಹೊರಳಿತು. ಆದರೆ ಅವುಗಳಲ್ಲಿ ಯಾವುದಕ್ಕೂ ಹತೋಟಿ ತಪ್ಪಿದ ಸಕ್ಕರೆ ಮತ್ತು ಮಿತಿಮೀರಿದ ಸ್ಟೀರಾಯ್ಡ್‌ಗಳ ವಿರುದ್ಧ ಇರುವಷ್ಟು ದೃಢವಾದ ಸಾಕ್ಷ್ಯ ದೊರೆತಿಲ್ಲ.

ಅಂಕಿಗಳು ಹೇಳುವುದು

ಕೇಂದ್ರ ಆರೋಗ್ಯ ಸಚಿವರಾಗಿದ್ದ ಡಾ. ಹರ್ಷವರ್ಧನ್ ಅವರು 2021ರ ಜೂನ್ 28ರಂದು ನೀಡಿದ ಲೆಕ್ಕದ ಪ್ರಕಾರ, ಅಲ್ಲಿಯವರೆಗೆ ದೇಶದಲ್ಲಿ 40,845 ಮಂದಿಗೆ ಈ ರೋಗ ತಗುಲಿತ್ತು. ಅವರಲ್ಲಿ 31,344 ಮಂದಿಗೆ ಬಂದುದು ಮೂಗು, ಸೈನಸ್, ಮಿದುಳಿನ ದಾರಿ ಹಿಡಿಯುವ ಬಗೆಯದು. 3,129 ಮಂದಿ ಆಗಲೇ ತೀರಿಕೊಂಡಿದ್ದರು. ಒಟ್ಟು ರೋಗಿಗಳಲ್ಲಿ 34,940 ಮಂದಿ ಕೋವಿಡ್‌ಗೆ ತುತ್ತಾದವರು. 26,187 ಮಂದಿಗೆ ಸಕ್ಕರೆ ಕಾಯಿಲೆಯಿತ್ತು. 21,523 ಮಂದಿ ಸ್ಟೀರಾಯ್ಡ್ ಪಡೆದಿದ್ದರು. ಇದು ಮುದುಕರ ರೋಗವೆಂದು ತಿಳಿದವರಿಗೆ ಇನ್ನೊಂದು ಅಂಕಿ ಉತ್ತರ ಕೊಡುತ್ತದೆ. 60 ವರ್ಷ ಮೀರಿದವರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಉಳಿದವರೆಲ್ಲ ದುಡಿಯುವ ವಯಸ್ಸಿನವರು, ಮನೆಯ ಭಾರ ಹೊತ್ತವರು.

ಅತಿ ಹೆಚ್ಚು ರೋಗಿಗಳು ಕಂಡುಬಂದುದು ಮಹಾರಾಷ್ಟ್ರ ಮತ್ತು ಗುಜರಾತ್ ರಾಜ್ಯಗಳಲ್ಲಿ. ಕರ್ನಾಟಕವೂ ಹೆಚ್ಚು ಪೆಟ್ಟು ತಿಂದ ರಾಜ್ಯಗಳ ಸಾಲಿನಲ್ಲಿತ್ತು. 2021ರ ಮೇ ತಿಂಗಳಲ್ಲಿ, ಕೇಂದ್ರದ ಸೂಚನೆಯ ಬೆನ್ನಿಗೇ, ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ನಮ್ಮ ರಾಜ್ಯ ಇದನ್ನು ಸೇರಿಸಿತು. ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನರ ಬಾಯಲ್ಲಿನ ‘ಕಿಮ್ಸ್’, ಮುಖ್ಯ ಆಸರೆಯಾಯಿತು. ಕಿವಿ-ಮೂಗು-ಗಂಟಲಿನ ವೈದ್ಯರು, ಕಣ್ಣಿನ ವೈದ್ಯರು, ದಂತ ಶಸ್ತ್ರವೈದ್ಯರು, ಸಕ್ಕರೆ ಕಾಯಿಲೆ ನೋಡುವವರು, ಅರಿವಳಿಕೆಯವರು, ಇವರೆಲ್ಲ ಒಂದೆಡೆ ಕೂಡಿದ ಹೊರತು ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಅಂತಹ ಕೂಟ ತಾಲೂಕು ಕೇಂದ್ರಗಳಲ್ಲಿ ಸಿಗುವಂತಹುದಲ್ಲ.

ಜಮಖಂಡಿಯ ಸೀಮೆಯ ಜನ ಹಿಂದಿನಿಂದಲೂ ದೊಡ್ಡ ಕಾಯಿಲೆಗೆ ಮಿರಜದ ಕಡೆ ಮುಖ ಮಾಡಿದವರು. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ನೆಲೆಗೊಳಿಸಿದ ಮಿಷನ್ ಆಸ್ಪತ್ರೆಯ ಹೆಸರು ಈ ಭಾಗದ ಹಿರಿಯರ ನಾಲಗೆಯ ಮೇಲಿದೆ. ಆದರೆ 2021ರ ಆ ಬೇಸಿಗೆಯಲ್ಲಿ ರಾಜ್ಯದ ಗಡಿಗಳಲ್ಲಿ ತಪಾಸಣೆಯಿತ್ತು, ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ನಿರ್ಬಂಧಗಳು ಜಾರಿಯಲ್ಲಿದ್ದವು, ಬಸ್ಸುಗಳಿರಲಿಲ್ಲ. ನಗರದವನಿಗೆ ಅರ್ಧ ಗಂಟೆಯ ದಾರಿಯಾದುದು ಹಳ್ಳಿಯವನಿಗೆ ಒಂದು ದಿನದ ಹೋರಾಟವಾಯಿತು. ದಿನ ಕಳೆದಂತೆ ಮಾಂಸ ಸಾಯುವ ರೋಗದಲ್ಲಿ ಈ ಅಂತರ ಎಂತಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದಾರಿಯನ್ನು ಕಿರಿದುಗೊಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಹೊರಡುವ ದಿನವನ್ನು ಹಿಂದಕ್ಕೆ ತರುವುದು ನಮ್ಮ ಕೈಯಲ್ಲಿಯೇ ಇದೆ.

ಔಷಧಿಗೆ ಬಂದ ಬರ

ಈ ಶಿಲೀಂಧ್ರದ ವಿರುದ್ಧದ ಮುಖ್ಯ ಅಸ್ತ್ರ ಆಂಫೋಟೆರಿಸಿನ್-ಬಿ. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಒರಿನೋಕೊ ನದಿಯ ಪ್ರದೇಶದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ಇದನ್ನು ಪಡೆದರು. ಮಣ್ಣಿನಿಂದ ಬಂದ ರೋಗಕ್ಕೆ ಮಣ್ಣಿನಿಂದಲೇ ಬಂದ ಮದ್ದು. ಆದರೆ ಇದು ಮೂತ್ರಪಿಂಡಗಳಿಗೆ ಕಠಿಣವಾದ ಔಷಧಿ. ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಗಳಲ್ಲಿ ಅಡಕಮಾಡಿದ ಲೈಪೋಸೋಮಲ್ ರೂಪ ಅಷ್ಟು ಹಾನಿ ಮಾಡುವುದಿಲ್ಲ. ಬೆಲೆ ಮಾತ್ರ ಬಹಳ ಹೆಚ್ಚು.

ಒಂದು ಸರಳ ಲೆಕ್ಕವನ್ನು ನೋಡಿರಿ. ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 5 ಮಿಲಿಗ್ರಾಂ ಎಂಬುದು ರೂಢಿಯ ಪ್ರಮಾಣ. 60 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ 300 ಮಿಲಿಗ್ರಾಂ ಬೇಕು. ಒಂದು ಸೀಸೆಯಲ್ಲಿರುವುದು 50 ಮಿಲಿಗ್ರಾಂ. ಎಂದರೆ ದಿನವೊಂದಕ್ಕೆ 6 ಸೀಸೆ; ಹೀಗೆ ವಾರಗಟ್ಟಲೆ. ಸೀಸೆಯೊಂದಕ್ಕೆ ಸಾವಿರಾರು ರೂಪಾಯಿ ಬೆಲೆಯಿದ್ದ ಔಷಧಿಯದು. ಅಪರೂಪದ ರೋಗಕ್ಕೆಂದು ಅಲ್ಪ ಪ್ರಮಾಣದಲ್ಲಿ ತಯಾರಾಗುತ್ತಿದ್ದುದಕ್ಕೆ ಒಮ್ಮೆಲೆ ಸಾವಿರಾರು ಮಂದಿ ಕೈಚಾಚಿದಾಗ ಬರ ಬಂದುದರಲ್ಲಿ ಆಶ್ಚರ್ಯವಿಲ್ಲ. ಕೇಂದ್ರ ಸರ್ಕಾರ ರಾಜ್ಯಗಳಿಗೆ ಪಾಲು ಹಂಚಬೇಕಾಯಿತು. ಔಷಧಿ ಕೊರತೆಯ ಪ್ರಶ್ನೆ ರಾಜ್ಯದ ಉಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. 2021ರ ಜೂನ್ 12ರಂದು ಜಿಎಸ್‌ಟಿ ಮಂಡಳಿ ಈ ಔಷಧಿಯ ಮೇಲಿನ ತೆರಿಗೆಯನ್ನು ತಾತ್ಕಾಲಿಕವಾಗಿ ಪೂರ್ತಿ ತೆಗೆದುಹಾಕಿತು. ಪೋಸಕೋನಜೋಲ್, ಐಸವುಕೋನಜೋಲ್ ಎಂಬ ಔಷಧಿಗಳೂ ನೆರವಿಗಿವೆ. ಆದರೆ ಯಾವ ಔಷಧಿಯೂ ಕಳೆದುಹೋದ ದಿನಗಳನ್ನು ಹಿಂದಕ್ಕೆ ತಂದುಕೊಡಲಾರದು.

ಬದುಕಿ ಉಳಿದವರ ಮುಖ

ಪತ್ರಿಕೆಗಳ ಅಂಕಿಗಳಲ್ಲಿ ‘ಗುಣಮುಖರಾದವರು’ ಎಂದೊಂದು ಸಾಲು ಇರುತ್ತದೆ. ಈ ರೋಗದ ಮಟ್ಟಿಗೆ ಆ ಪದದ ಹಿಂದೆ ದೊಡ್ಡ ದುಃಖ ಅಡಗಿದೆ. ಕೆಲವರಿಗೆ ಮೇಲಿನ ದವಡೆಯ ಅರ್ಧಭಾಗವನ್ನು, ಹಲ್ಲುಗಳ ಸಮೇತ, ತೆಗೆಯಬೇಕಾಯಿತು. ಕೆಲವರಿಗೆ ಪ್ರಾಣ ಉಳಿಸಲು ಕಣ್ಣನ್ನೇ ಬಿಟ್ಟುಕೊಡಬೇಕಾಯಿತು. ಅಂಗುಳಿಗೆ ತೂತು ಬಿದ್ದವನು ಕುಡಿದ ನೀರು ಮೂಗಿನಿಂದ ಹೊರಬರುತ್ತದೆ. ಆಡಿದ ಮಾತು ಎದುರಿನವರಿಗೆ ತಿಳಿಯುವುದಿಲ್ಲ. ಜೋಳದ ರೊಟ್ಟಿಯ ಊಟದಲ್ಲಿ ಬೆಳೆದವನು ಅಂಬಲಿ, ಗಂಜಿಯಲ್ಲಿ ದಿನ ಕಳೆಯಬೇಕು. ಕನ್ನಡಿಯ ಎದುರು ನಿಲ್ಲಲು ಮನಸ್ಸು ಬರುವುದಿಲ್ಲ. ಮದುವೆ, ಹಬ್ಬಗಳಿಗೆ ಹೋಗುವುದನ್ನು ಬಿಟ್ಟುಬಿಡುತ್ತಾನೆ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಅಂಗುಳಿನ ತೂತನ್ನು ಮುಚ್ಚುವ, ಕೃತಕ ಹಲ್ಲುಗಳನ್ನು ಜೋಡಿಸಿದ ತಟ್ಟೆಯನ್ನು ದಂತವೈದ್ಯ ಕಾಲೇಜುಗಳಲ್ಲಿ ಅಳತೆ ತೆಗೆದು ಮಾಡಿಕೊಡುತ್ತಾರೆ. ಅದನ್ನು ಹಾಕಿಕೊಂಡ ದಿನವೇ ನುಂಗುವುದು, ಮಾತನಾಡುವುದು ಬಹಳಷ್ಟು ಸುಧಾರಿಸುತ್ತದೆ. ಕೃತಕ ಕಣ್ಣನ್ನೂ ಅಳವಡಿಸಬಹುದು. ನಮ್ಮ ನೆರೆಹೊರೆಯಲ್ಲಿ ಅಂತಹವರಿದ್ದರೆ ಈ ಸೌಲಭ್ಯದ ವಿಷಯ ಅವರಿಗೆ ತಿಳಿದಿದೆಯೇ ಎಂದು ವಿಚಾರಿಸುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು ದೊಡ್ಡ ಉಪಕಾರ. ಅದಕ್ಕೂ ಮೊದಲು, ಎದುರು ಕುಳಿತು ಮುಖ ನೋಡಿ ಮಾತನಾಡುವುದು ನಾವೆಲ್ಲರೂ ಮಾಡಬಹುದಾದ ಸೇವೆ.

ಇಂದು ಮನೆಯಲ್ಲಿ ಮಾಡತಕ್ಕದ್ದು

ಮಹಾಮಾರಿ ಮುಗಿದ ಮೇಲೆ ಇದರ ಚರ್ಚೆ ಏಕೆಂದು ಕೆಲವರು ಕೇಳಬಹುದು. ಕೋವಿಡ್ ಬರುವುದಕ್ಕೆ ಮೊದಲೂ ನಮ್ಮ ದೇಶದಲ್ಲಿ ಈ ರೋಗವಿತ್ತು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಡಾ. ಅರುಣಾಲೋಕೆ ಚಕ್ರವರ್ತಿ ಮತ್ತು ಅವರ ಸಹೋದ್ಯೋಗಿಗಳು, ಮುಂದುವರಿದ ದೇಶಗಳಿಗಿಂತ ಸುಮಾರು 80 ಪಟ್ಟು ಹೆಚ್ಚಾಗಿ ಇದು ಭಾರತದಲ್ಲಿದೆಯೆಂದು ಅಂದಾಜು ಮಾಡಿದ್ದರು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯೇ ಅದಕ್ಕೆ ಮುಖ್ಯ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಗಿ, ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ 10.1 ಕೋಟಿ ಎಂದು ಅಂದಾಜಿಸಿತು. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಹೊರತಂದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಈ ಬಳಗಕ್ಕೆ ಹೆಚ್ಚಿನ ಆದ್ಯತೆಯ ಸ್ಥಾನವನ್ನು ನೀಡಿದೆ. ನೆಲ ಹದವಾಗಿಯೇ ಇದೆ. ಇನ್ನೊಂದು ದೊಡ್ಡ ಜ್ವರ ಬಂದರೆ ಬೀಜ ಮೊಳೆಯುವುದಕ್ಕೆ ತಡವಾಗದು.

ಆದುದರಿಂದ ಪ್ರತಿಯೊಂದು ಕುಟುಂಬವೂ ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಮೊದಲನೆಯದಾಗಿ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆಯಿದೆ, ಅದು ಹತೋಟಿಯಲ್ಲಿದೆಯೇ ಎಂಬುದು ಮನೆಮಂದಿಗೆಲ್ಲ ತಿಳಿದಿರಬೇಕು. ಕಾಯಿಲೆಯೇ ಇಲ್ಲವೆಂದು ತಿಳಿದವರೂ ವಯಸ್ಸು ಮೂವತ್ತು ದಾಟಿದ ಮೇಲೆ ಆಗಾಗ್ಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡನೆಯದಾಗಿ, ದೊಡ್ಡ ಜ್ವರ ಬಂದಾಗ ಸಕ್ಕರೆಯ ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತಾವಾಗಿಯೇ ನಿಲ್ಲಿಸಬಾರದು. ಜ್ವರದ ದಿನಗಳಲ್ಲಿಯೂ, ಜ್ವರ ಬಿಟ್ಟ ಮೇಲೆ ಕೆಲವು ವಾರಗಳವರೆಗೂ ಸಕ್ಕರೆಯನ್ನು ನೋಡಿಸುತ್ತಿರಬೇಕು. ಮೂರನೆಯದಾಗಿ, ಇನ್ನೊಬ್ಬರ ಚೀಟಿಯ ಗುಳಿಗೆ ನಮಗೆ ಬೇಡ. ವೈದ್ಯರು ಕೊಟ್ಟ ಔಷಧಿಯಲ್ಲಿ ಸ್ಟೀರಾಯ್ಡ್ ಇದೆಯೇ, ಇದ್ದರೆ ಎಷ್ಟು ದಿನ ಎಂದು ಕೇಳುವುದು ಅವಿಧೇಯತೆಯಲ್ಲ, ಅದು ರೋಗಿಯ ಹಕ್ಕು. ಆದರೆ ಉಬ್ಬಸ, ಸಂಧಿವಾತ, ಮೂತ್ರಪಿಂಡದ ಕಾಯಿಲೆ ಮುಂತಾದವುಗಳಿಗಾಗಿ ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಹೆದರಿ ಒಮ್ಮೆಲೆ ನಿಲ್ಲಿಸಕೂಡದು, ಅದೂ ಅಪಾಯಕಾರಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಸಕ್ಕರೆ ಕಾಯಿಲೆಯವರಿಗೆ, ದೊಡ್ಡ ಜ್ವರದಿಂದ ಎದ್ದವರಿಗೆ ಮುಖದ ಒಂದು ಬದಿ ನೋವು, ಜೋಮು, ಬಾವು, ಮೂಗಿನಿಂದ ಕಂದು ಸ್ರಾವ, ಹಲ್ಲಿನ ಅಲುಗಾಟ, ಕಣ್ಣಿನ ತೊಂದರೆ ಕಾಣಿಸಿದರೆ ‘ನಾಳೆ ನೋಡೋಣ’ ಎನ್ನದೆ ಅಂದೇ ಕಿವಿ-ಮೂಗು-ಗಂಟಲಿನ ವೈದ್ಯರನ್ನು ಕಾಣಬೇಕು. ಅವರು ಮೂಗಿನೊಳಗೆ ಸಣ್ಣ ನಳಿಕೆ ಹಾಕಿ ನೋಡುತ್ತಾರೆ. ಸಂದೇಹ ಬಂದರೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಹೀಗೆ ಓಡಿಹೋದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಅದು ಬರಿಯ ನೆಗಡಿಯೋ ಹಲ್ಲುನೋವೋ ಆಗಿದ್ದರೂ ನಷ್ಟವೇನಿಲ್ಲ. ಹತ್ತನೆಯವನ ಕಣ್ಣು ಉಳಿದರೆ ಆ ಒಂಬತ್ತು ಪ್ರಯಾಣಗಳೂ ಸಾರ್ಥಕ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ‘ಶ್ರಮಬಿಂದು ಸಾಗರ’ವೆಂಬ ಹೆಸರಿನಿಂದ ಅದು ಇಂದಿಗೂ ನಿಂತಿದೆ. ಬೇಸಿಗೆ ಬಂದ ಮೇಲೆ ನೀರನ್ನು ಹುಡುಕುವುದಕ್ಕಿಂತ ಮೊದಲೇ ತಡೆದಿಟ್ಟುಕೊಳ್ಳುವುದು ಲೇಸೆಂಬುದನ್ನು ಈ ನೆಲದ ಜನರಿಗೆ ಹೊರಗಿನವರು ಬೋಧಿಸಬೇಕಾಗಿಲ್ಲ. ಹೊಲದ ನೀರಿನ ವಿಷಯದಲ್ಲಿ ಇರುವ ಆ ಮುಂದಾಲೋಚನೆ ಮನೆಯವರ ಮೈಯ ವಿಷಯದಲ್ಲಿಯೂ ಇರಲಿ. ಮುಂದಿನ ಬಾರಿ ಮನೆಯಲ್ಲೊಬ್ಬರು ‘ಕೆನ್ನಿ ಬಾತಂಗ ಕಾಣಸ್ತೈತಿ’ ಎಂದಾಗ, ‘ನಾಕ ದಿನ ನೋಡೋಣು’ ಎನ್ನುವ ಬದಲು ‘ನಡೀರಿ, ಇವತ್ತೇ ತೋರಿಸಿಕೊಂಡು ಬರೋಣು’ ಎಂಬ ಮಾತು ಹೊರಡಲಿ.